ಭಾನುವಾರ ಲೆಕ್ಕಕ್ಕಿಲ್ಲ

ಇವತ್ತು ಬೂದಿ ಬುಧವಾರ. ಈಸ್ಟರ್‌ಗೆ ಮೊದಲಿನ ನಲವತ್ತು ದಿನದ ತಪಸ್ಸು ಕಾಲ ಶುರುವಾಗುವುದು ಇವತ್ತೇ, ಆ ದಿನಗಳಲ್ಲಿ ಇಷ್ಟದ್ದು ಏನಾದರೂ ಬಿಡುವುದು ನಮ್ಮ ಕ್ರೈಸ್ತರಲ್ಲಿ ವಾಡಿಕೆ. ಹಣೆಗೆ ಬೂದಿ ಹಾಕಿಸಿಕೊಂಡು ಚರ್ಚಿನ ಮೆಟ್ಟಿಲು ಇನ್ನೂ ಪೂರ್ತಿ ಇಳಿದಿಲ್ಲ, ಅಷ್ಟರಲ್ಲಿ ಮೂರು ಜನ ಕೇಳಿಯಾಗಿತ್ತು: "ಈ ಸಲ ಏನು ಬಿಟ್ರಿ?"

ಒಬ್ಬರು ಚಾಕಲೇಟ್ ಬಿಟ್ಟಿದ್ದರು. ಇನ್ನೊಬ್ಬರು ಧಾರಾವಾಹಿ ಬಿಟ್ಟಿದ್ದರು. ಮೂರನೆಯವರು ಲಿಫ್ಟ್ ಬಿಟ್ಟಿದ್ದರು. ಅವರ ಮನೆ ಇರುವುದು ಮೊದಲ ಮಹಡಿಯಲ್ಲಿ. ನಾನು "ಇನ್ನೂ ಯೋಚನೆ ಮಾಡ್ತಾ ಇದ್ದೀನಿ" ಅಂದೆ. ಮೂವರೂ ಒಟ್ಟಿಗೆ "ಓ..." ಅಂದರು. ಮಗ ಫೇಲಾದ ಅಂತ ಗೊತ್ತಾದಾಗ ಪಕ್ಕದ ಮನೆಯವರು ಎಳೆಯುತ್ತಾರಲ್ಲ, ಆ "ಓ".

ತಮಾಷೆ ಏನೆಂದರೆ, ಒಳಗೆ ಈಗಷ್ಟೇ ಓದಿದ್ದು ಬೈಬಲಿನ ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯ. ಉಪವಾಸ ಮಾಡುವಾಗ ಮುಖ ಬಾಡಿಸಿಕೊಂಡು ಊರಿಗೆಲ್ಲ ತೋರಿಸಬೇಡಿ, ಮುಖ ತೊಳೆದುಕೊಂಡು ಓಡಾಡಿ ಅನ್ನುತ್ತದೆ ಅದು. ಅದನ್ನು ಕೇಳಿಸಿಕೊಂಡ ಸ್ವಲ್ಪ ಹೊತ್ತಿಗೇ ನಾವೆಲ್ಲ ಸಾಲಾಗಿ ಹೋಗಿ ಹಣೆಗೆ ಬೂದಿ ಹಾಕಿಸಿಕೊಳ್ಳುತ್ತೇವೆ. "ನೀನು ಮಣ್ಣು, ಮಣ್ಣಿಗೇ ಮರಳುವೆ" ಅಂತ ಫಾದರ್ ಹೇಳಿದಾಗ ನನಗೆ ಸಾವಿನ ಭಯವೇನೂ ಆಗಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಕಾದು ನಿಂತವರ ಭಯವಿತ್ತು.

ಇಲ್ಲಿ ಎರಡು ಥರದ ಬಿಡುವುದಿದೆ. ಒಂದು ಧರ್ಮಸಭೆಯೇ, ಅಂದರೆ ಕ್ಯಾಥೊಲಿಕ್ ಚರ್ಚೇ, ಹೇಳಿದ್ದು. ಬೂದಿ ಬುಧವಾರ, ಶುಭ ಶುಕ್ರವಾರ ಒಂದೊತ್ತು. ಒಂದು ಪೂರ್ತಿ ಊಟ, ಜೊತೆಗೆ ಎರಡು ಪುಟ್ಟ ಊಟ. ಆ ಎರಡೂ ಸೇರಿದರೂ ಒಂದು ಪೂರ್ತಿ ಊಟ ಆಗಬಾರದು. ಹದಿನೆಂಟು ತುಂಬಿದವರಿಂದ ಹಿಡಿದು ಐವತ್ತೊಂಬತ್ತು ತುಂಬುವವರೆಗೆ ಇದು ಕಡ್ಡಾಯ. ನಮ್ಮಣ್ಣನಿಗೆ ಈಗ 58. ವಯಸ್ಸಾಗುವುದಕ್ಕೆ ಇಷ್ಟು ಖುಷಿಯಿಂದ ಕಾಯುವ ಇನ್ನೊಬ್ಬ ಮನುಷ್ಯನನ್ನು ನಾನು ನೋಡಿಲ್ಲ. ಶುಕ್ರವಾರಗಳಲ್ಲಿ ಮಾಂಸವಿಲ್ಲ, ಮೀನಿಗೆ ಅಡ್ಡಿಯಿಲ್ಲ. ಈ ಮೀನಿನ ವಿಷಯದಲ್ಲಿ ನಮ್ಮವರು ಬಹಳ ಉದಾರಿಗಳು. 2010ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಮಹಾಧರ್ಮಾಧ್ಯಕ್ಷರು ಮೊಸಳೆಯನ್ನೂ ಮೀನಿನ ಲೆಕ್ಕಕ್ಕೆ ಸೇರಿಸಬಹುದು ಅಂತ ಕಾಗದ ಬರೆದುಕೊಟ್ಟಿದ್ದರು. ಹಾಗಾಗಿ ಈ ಭಾಗ ಕಷ್ಟವಿಲ್ಲ. ಹೇಳಿದಂತೆ ಮಾಡಿದರಾಯಿತು.

ಕಷ್ಟ ಎರಡನೆಯದು. ನಾವೇ ಆರಿಸಿಕೊಂಡು ಏನಾದರೂ ಬಿಡಬೇಕು. ಇಷ್ಟವಿರುವುದನ್ನೇ ಬಿಡಬೇಕು. ಬಿಟ್ಟ ಮೇಲೆ ನಲವತ್ತು ದಿನ ಬದುಕಿಯೂ ಇರಬೇಕು.

ಎರಡು ವರ್ಷದ ಹಿಂದೆ ನಾನು ಕಾಫಿ ಬಿಟ್ಟೆ. ಮೊದಲ ದಿನ ಸಂಜೆಗೇ ತಲೆ ಸಿಡಿಯತೊಡಗಿತು. ಕೆಫೀನ್ ನಿಂತರೆ ತಲೆಯ ರಕ್ತನಾಳಗಳು ಹಿಗ್ಗಿ ಹೀಗಾಗುತ್ತದಂತೆ. ನನ್ನವು ಹಿಗ್ಗಿದ ರಭಸಕ್ಕೆ ಮನೆಯಲ್ಲಿ ಯಾರೂ ಚಮಚ ಕೂಡ ಸದ್ದು ಮಾಡುವ ಹಾಗಿರಲಿಲ್ಲ. ಮೂರನೇ ದಿನ ಬೆಳಿಗ್ಗೆ ಹೆಂಡತಿ ಕಾಫಿ ಲೋಟ ತಂದು ನನ್ನ ಮುಂದೆ ಕುಕ್ಕಿದಳು. "ತಪಸ್ಸು ನೀವು ಮಾಡ್ತಾ ಇದ್ದೀರೋ, ನಾನು ಮಾಡ್ತಾ ಇದ್ದೀನೋ?" ಅಂತ ಕೇಳಿದಳು. ಉತ್ತರ ಇಬ್ಬರಿಗೂ ಗೊತ್ತಿತ್ತು. ಕುಡಿದೆ. ಫ್ರಾನ್ಸಿನ ರುವಾನ್ ಪಟ್ಟಣದ ದೊಡ್ಡ ಚರ್ಚಿಗೆ ಬೆಣ್ಣೆ ಗೋಪುರ ಅಂತಲೇ ಒಂದು ಗೋಪುರ ಇದೆ. ತಪಸ್ಸು ಕಾಲದಲ್ಲಿ ಬೆಣ್ಣೆ ಬಿಡಲಾರದ ಜನ ಅದನ್ನು ತಿನ್ನುವ ಅನುಮತಿಗೆ ಕೊಟ್ಟ ದುಡ್ಡಿನಲ್ಲಿ ಕಟ್ಟಿಸಿದ್ದಂತೆ. ಕಾಫಿಗೂ ಅಂಥದ್ದೊಂದು ಏರ್ಪಾಡು ಇದ್ದಿದ್ದರೆ ಇಷ್ಟೊತ್ತಿಗೆ ನನ್ನ ಹೆಸರಲ್ಲೂ ಒಂದು ಗೋಪುರ ಎದ್ದಿರುತ್ತಿತ್ತು.

ಆದರೆ ಒಬ್ಬರ ತಪಸ್ಸನ್ನು ಇನ್ನೊಬ್ಬರ ತಲೆಗೆ ಕಟ್ಟುವ ವಿದ್ಯೆಯಲ್ಲಿ ನಾನು ಇನ್ನೂ ಒಂದನೇ ಕ್ಲಾಸು. ಪಿಎಚ್‌ಡಿ ಮಾಡಿದವರು ಮೇಲಿನ ಮಹಡಿಯಲ್ಲಿದ್ದಾರೆ. ನಮ್ಮ ಅತ್ತಿಗೆ.

ಕಳೆದ ವರ್ಷ ಅತ್ತಿಗೆ ವಾಟ್ಸಾಪ್ ಬಿಟ್ಟರು. ಎಲ್ಲರೂ ಭೇಷ್ ಅಂದೆವು. ಮಾರನೇ ದಿನ ಮಧ್ಯಾಹ್ನ ಫೋನು ಹಿಡಿದು ಕೆಳಗೆ ಬಂದರು.

"ಇದು ಟಿಣ್ ಅಂತು. ಯಾರದ್ದು ನೋಡು."

"ನೀವು ಬಿಟ್ಟಿದ್ದೀರಲ್ಲ ಅತ್ತಿಗೆ?"

"ನಾನು ಬಿಟ್ಟಿದ್ದೀನಪ್ಪ. ನೀನು ಬಿಟ್ಟಿಲ್ಲವಲ್ಲ."

ಅಲ್ಲಿಂದ ಶುರು. ದಿನಕ್ಕೆ ಮೂರು ಹೊತ್ತು ಅತ್ತಿಗೆ ಬಂದು, ಕುರ್ಚಿಯಲ್ಲಿ ಕೂತು, ಫೋನಿನ ಕಡೆ ಕಣ್ಣು ಹೋಗದಂತೆ ಗೋಡೆ ನೋಡುತ್ತಿದ್ದರು. ನಾನು ಓದಬೇಕು. ಗುಡ್ ಮಾರ್ನಿಂಗ್ ಹೂವುಗಳನ್ನು ವರ್ಣಿಸಬೇಕು. "ಗುಲಾಬಿನಾ? ಯಾವ ಬಣ್ಣ? ಕಳೆದ ವಾರ ಕಳಿಸಿದ್ದೇ ಇರಬೇಕು ಬಿಡು." ಅವರ ಚಿಕ್ಕಮ್ಮನ ಮಂಡಿನೋವಿನ ವರದಿಯನ್ನು ಅವರ ಚಿಕ್ಕಮ್ಮನ ಧಾಟಿಯಲ್ಲೇ ಓದಬೇಕು. ಕೊನೆಗೆ ನಗುವ ಮುಖಗಳಿದ್ದರೆ ಅದಕ್ಕೂ ಲೆಕ್ಕ ಕೊಡಬೇಕು.

"ಎಷ್ಟಿದೆ?"

"ಮೂರು."

"ಸುಮ್ನೆ ನಗೋದಾ, ಕಣ್ಣೀರು ಬರೋ ಹಾಗೆ ನಗೋದಾ?"

ಒಂದು ದಿನ ಅತ್ತಿಗೆಯ ತಂಗಿಯ ಮೆಸೇಜು ಬಂತು. ಅಭ್ಯಾಸಬಲ ನೋಡಿ, ಮುಂದೇನಿದೆ ಅಂತ ನೋಡದೆ ಗಟ್ಟಿಯಾಗಿ ಓದಿಬಿಟ್ಟೆ: "ಅಕ್ಕ, ನಿನ್ನ ಮೈದುನ ಈಗಲೂ ಅಷ್ಟೇ ಜಿಪುಣನಾ?"

ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ ಉಳಿಯಿತು. ಒಳಗೆ ನನ್ನ ಹೆಂಡತಿ ಕೆಮ್ಮಿದಳು. ಅತ್ತಿಗೆ ಗೋಡೆಯಿಂದ ಕಣ್ಣು ಕೀಳಲಿಲ್ಲ. ಸ್ವಲ್ಪ ಯೋಚಿಸಿ ಹೇಳಿದರು, "ಹೌದು ಅಂತ ಹಾಕು."

ಹಾಕಿದೆ. ನನ್ನ ಬೆರಳಿನಿಂದಲೇ.

"ನಗೋ ಮುಖ ಒಂದು ಹಾಕು. ಇಲ್ಲದಿದ್ರೆ ಬೇಜಾರಲ್ಲಿ ಹೇಳಿದ ಹಾಗಿರುತ್ತೆ."

ಇಷ್ಟಾದರೂ ತಡೆದುಕೊಂಡೆ. ತಡೆಯಲಾಗದೇ ಹೋಗಿದ್ದು ಭಾನುವಾರ. ಅವತ್ತು ಅತ್ತಿಗೆ ಫೋನು ತಾವೇ ಹಿಡಿದು ಓದುತ್ತಿದ್ದರು. ಕೇಳಿದರೆ ಲೆಕ್ಕ ಬಿಡಿಸಿದರು. ರಿಟೈರಾದ ಗಣಿತದ ಟೀಚರ್ ಅವರು. ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ದಿನದವರೆಗೆ 46 ದಿನ. ನಡುವೆ 6 ಭಾನುವಾರ. ಕಳೆದರೆ 40. ಯೇಸು ಮರುಭೂಮಿಯಲ್ಲಿ ಇದ್ದದ್ದು 40 ದಿನ. "ಆದ್ದರಿಂದ ಭಾನುವಾರ ಲೆಕ್ಕಕ್ಕಿಲ್ಲ," ಅಂದರು. ಲೆಕ್ಕ ಸರಿಯಾಗಿಯೇ ಇತ್ತು, ಅದೇ ಸಿಟ್ಟು ಬಂದಿದ್ದು. "ಯಾಕೆ ಅತ್ತಿಗೆ, ದೇವರು ಭಾನುವಾರ ರಜೆ ಹಾಕ್ತಾನಾ?" ಅಂತ ಕೇಳಿಬಿಟ್ಟೆ. ಅವರು ಕನ್ನಡಕದ ಮೇಲಿಂದ ನೋಡಿ, "ಗುರುವಾರ ಬಂದ ಈ ಮೆಸೇಜು ನೀನು ಓದಲೇ ಇಲ್ವಲ್ಲ?" ಅಂದರು. ಭಾನುವಾರ ಆಡಿಟ್ ಕೂಡ ಇತ್ತು!

ಏನು ಬಿಟ್ಟೆ ಅಂತ ಯಾರಿಗೂ ಹೇಳದೆ ಬಿಟ್ಟವರನ್ನು ನಾನು ಕಂಡಿರುವುದು ಒಬ್ಬರನ್ನೇ. ನಮ್ಮಮ್ಮ. ಪ್ರತಿ ವರ್ಷ ಕೇಳುತ್ತಿದ್ದೆವು, ಹೇಳುತ್ತಿರಲಿಲ್ಲ. ನನಗೆ ಹನ್ನೊಂದೋ ಹನ್ನೆರಡೋ ಇದ್ದಾಗ ಒಂದು ಸಲ ಪತ್ತೆ ಮಾಡಿಯೇ ತೀರುತ್ತೇನೆ ಅಂತ ಹೊರಟೆ. ತಟ್ಟೆ ನೋಡಿದೆ, ಲೋಟ ನೋಡಿದೆ. ಎಲ್ಲ ತಿನ್ನುತ್ತಿದ್ದಳು, ಎಲ್ಲ ಕುಡಿಯುತ್ತಿದ್ದಳು. ಸುಮ್ಮನಾದೆ. ಈಸ್ಟರ್ ದಿನ ಪೂಜೆ ಮುಗಿಸಿ ಮನೆಗೆ ಬಂದೆವು. ಅಮ್ಮ ನನ್ನ ಹಾಸಿಗೆ ಮೇಲೆ ಬಿದ್ದಿದ್ದ ಒದ್ದೆ ಟವೆಲ್ ಎತ್ತಿಕೊಂಡಳು. ಶುರುವಾಯಿತು ನೋಡಿ! ಟವೆಲ್ಲಿಂದ ಹಿಡಿದು ಬಾಗಿಲಲ್ಲಿ ಬಿಟ್ಟ ಶೂ, ಅಣ್ಣನ ಕೂದಲು, ಅಪ್ಪ ರಿಪೇರಿ ಮಾಡದ ನಲ್ಲಿಯವರೆಗೆ ಬಡ್ಡಿ ಸಮೇತ ವಸೂಲಿ. ಅಪ್ಪ ಪೇಪರಿನ ಹಿಂದಿನಿಂದ "ಓಹೋ" ಅಂದರು. ಆಗ ಹೊಳೆಯಿತು. ನಲವತ್ತು ದಿನ ಅಮ್ಮ ಯಾರಿಗೂ ಬೈದಿರಲಿಲ್ಲ. ನಾವು ಗಮನಿಸಿಯೇ ಇರಲಿಲ್ಲ. ನಾವೇ ಒಳ್ಳೆಯವರಾಗಿದ್ದೇವೆ ಅಂದುಕೊಂಡಿದ್ದೆವು.

ಈಗಲೂ ಒದ್ದೆ ಟವೆಲ್ ಹಾಸಿಗೆ ಮೇಲೇ ಬಿಡುತ್ತೇನೆ. ಹೆಂಡತಿ ಬೈಯುತ್ತಾಳೆ, ಇಲ್ಲವೆಂದಲ್ಲ. ಆದರೆ ಅವಳದ್ದು ಆಯಾ ದಿನದ ಲೆಕ್ಕ ಆಯಾ ದಿನಕ್ಕೇ ಚುಕ್ತಾ.

ಇರಲಿ. ನಿನ್ನೆ ರಾತ್ರಿಯ ವಿಷಯಕ್ಕೆ ಬರುತ್ತೇನೆ. ಹತ್ತೂವರೆಗೆ ಬಾಗಿಲು ಬಡಿದ ಸದ್ದು. ಅತ್ತಿಗೆ.

"ಈ ಸಲ ಚಾಡಿ ಬಿಡ್ತಾ ಇದ್ದೀನಪ್ಪ," ಅಂದರು. "ಪೋಪ್ ಫ್ರಾನ್ಸಿಸ್ 2020ರಲ್ಲೇ ಹೇಳಿದ್ರಲ್ಲ, ಚಾಡಿ ಕೋವಿಡ್‌ಗಿಂತ ಕೆಟ್ಟ ರೋಗ ಅಂತ. ಬೇಡಪ್ಪ, ಒಬ್ಬರ ಮಾತು ನಮಗ್ಯಾಕೆ?"

"ಒಳ್ಳೇದಾಯ್ತು ಅತ್ತಿಗೆ."

"ಅದಕ್ಕೇ, ಇರೋದೆಲ್ಲ ಇವತ್ತೇ ಖಾಲಿ ಮಾಡೋಣ ಅಂತ ಬಂದೆ."

ಹಿಂದೆ ಯುರೋಪಿನಲ್ಲಿ ಬೂದಿ ಬುಧವಾರದ ಹಿಂದಿನ ದಿನ ಮನೆಯಲ್ಲಿದ್ದ ಬೆಣ್ಣೆ, ಮೊಟ್ಟೆಯನ್ನೆಲ್ಲ ಪ್ಯಾನ್‌ಕೇಕ್ ಹುಯ್ದು ಮುಗಿಸುತ್ತಿದ್ದರು. ಅತ್ತಿಗೆ ಸ್ಟಾಕಿನಲ್ಲಿದ್ದ ಸುದ್ದಿಯನ್ನು ಹಾಗೆ ಮುಗಿಸಲು ಕೂತರು. ಒಂದೂವರೆ ಗಂಟೆ ಬಿಸಿಬಿಸಿಯಾಗಿ ಒಂದರ ಮೇಲೊಂದು ಬಿದ್ದವು. ನಾನು ಮೊದಮೊದಲು ಆಕಳಿಸಿದೆ. ಆಮೇಲೆ ಆಕಳಿಕೆ ನಿಂತಿತು. ಕೊನೆಗೆ ಕುರ್ಚಿಯನ್ನೇ ಹತ್ತಿರ ಎಳೆದುಕೊಂಡಿದ್ದೆ.

"ಆ ಮೊದಲ ಮಹಡಿಯವರು ಇದ್ದಾರಲ್ಲ," ಅಂದರು ಅತ್ತಿಗೆ, ದನಿ ತಗ್ಗಿಸಿ. "ಮೊನ್ನೆ ರಾತ್ರಿ ಅವರ ಮನೆಗೆ ಯಾರು ಬಂದಿದ್ರು ಗೊತ್ತಾ? ಅದೂ ಸೂಟ್‌ಕೇಸ್ ಸಮೇತ!"

"ಯಾರು?"

ಅತ್ತಿಗೆ ಬಾಯಿ ತೆರೆದರು. ಗಡಿಯಾರ ನೋಡಿದರು. ಬಾಯಿ ಮುಚ್ಚಿದರು.

"ಹನ್ನೆರಡಾಯ್ತು," ಅಂದು ಎದ್ದು ಹೊರಟೇಬಿಟ್ಟರು.

ಬೆಳಿಗ್ಗೆ ಆ ಮಹಾನುಭಾವರು ಬೂದಿ ಹಣೆಯಲ್ಲಿ ನಿಂತು "ಏನು ಬಿಟ್ರಿ?" ಅಂತ ಕೇಳಿದಾಗ ನಾನು ಯಾಕೆ ತಡವರಿಸಿದೆ ಅಂತ ಈಗ ಅರ್ಥವಾಯಿತಲ್ಲ? ನನ್ನ ಕಣ್ಣ ಮುಂದೆ ಸೂಟ್‌ಕೇಸ್ ಇತ್ತು. ಈಸ್ಟರ್ ಇರುವುದು ಏಪ್ರಿಲ್ 5ಕ್ಕೆ. ಅಲ್ಲಿಯವರೆಗೆ ಕಾಯಬೇಕಾ? ನಾನೇನು ತಪ್ಪು ಮಾಡಿದ್ದೆ?

ಮಧ್ಯಾಹ್ನದ ಪುಟ್ಟ ಊಟ ಮುಗಿಸಿ, ಮಾನ ಮರ್ಯಾದೆ ಪಕ್ಕಕ್ಕಿಟ್ಟು ಮೆಸೇಜು ಹಾಕಿದೆ: "ಅತ್ತಿಗೆ, ಭಾನುವಾರ ಲೆಕ್ಕಕ್ಕಿಲ್ಲ ಅಲ್ವಾ?"

ತಕ್ಷಣ ಉತ್ತರ ಬಂತು. ಈ ಸಲ ವಾಟ್ಸಾಪ್ ಬಿಟ್ಟಿಲ್ಲವಲ್ಲ.

"ಯಾಕಪ್ಪ, ದೇವರು ಭಾನುವಾರ ರಜೆ ಹಾಕ್ತಾನಾ?"

ಪಕ್ಕದಲ್ಲಿ ಮೂರು ಮುಖ. ಸುಮ್ನೆ ನಗೋದಲ್ಲ, ಕಣ್ಣೀರು ಬರೋ ಹಾಗೆ ನಗೋದು.