ಕೊರಳ ಸರದ ಒಳಗಿನ ಮಣಿಗಳು: 12345654321

ನಿನ್ನೆ ರಾತ್ರಿ ಮಗಳ ಲೆಕ್ಕದ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಒಂದು ಗುಣಾಕಾರ ಬರೆದುಕೊಟ್ಟೆ: 27994681 × 441. ಗೊಣಗುತ್ತಲೇ ಶುರು ಮಾಡಿದಳು. ಮುಗಿದ ಮೇಲೆ, "ಅಪ್ಪಾ, ಎಲ್ಲೋ ತಪ್ಪಾಗಿದೆ, ಉತ್ತರ ಇಷ್ಟು ಚೆಂದ ಬರಲ್ಲ" ಅಂದಳು. ಬಂದಿದ್ದು 12345654321. ತಪ್ಪಾಗಿರಲಿಲ್ಲ.

ಈ ಲೆಕ್ಕ ಸುಮಾರು ಕ್ರಿ.ಶ. 850ರದು. ನೃಪತುಂಗ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದ ಗುಣಾಕಾರದ ಪಾಠದಲ್ಲಿ ಕೊಟ್ಟದ್ದು. ಒಂದರಿಂದ ಆರರವರೆಗೆ ಏರಿ ಹಾಗೇ ಇಳಿಯುವ ಸಂಖ್ಯೆ. ಇಂಥ ಉತ್ತರಗಳಿಗೆ ಅವರಿಟ್ಟ ಹೆಸರು ಕಂಠಿಕೆ, ಅಂದರೆ ಕೊರಳ ಸರ. 152207 × 73 ಮಾಡಿ ನೋಡಿ, ಎಂಟು ಒಂದುಗಳು ಸಾಲಾಗಿ ನಿಲ್ಲುತ್ತವೆ.

ನನಗೆ ಬೇಜಾರಾಗುವುದು ಒಂದೇ ವಿಷಯಕ್ಕೆ. ಇಂಥದ್ದನ್ನು 'ಪ್ರಾಚೀನ ಚಮತ್ಕಾರ' ಅಂತ ವಾಟ್ಸಾಪ್‌ನಲ್ಲಿ ಹಂಚಿ ಸುಮ್ಮನಾಗುತ್ತೇವೆ. ದಾರ ಬಿಚ್ಚಿ ಮಣಿಗಳನ್ನು ನೋಡುವುದೇ ಇಲ್ಲ.

ಬಿಚ್ಚೋಣ. 441 ಅಂದರೆ 21ರ ವರ್ಗ. 27994681 ಅಂದರೆ 5291ರ ವರ್ಗ. ಹಾಗಾಗಿ ಇಡೀ ಸರ 111111ರ ವರ್ಗ. ಇನ್ನೂ ಒಡೆದರೆ ಸಿಗುವ ಅವಿಭಾಜ್ಯಗಳು 3, 7, 11, 13, 37; ಒಂದೊಂದೂ ಎರಡೆರಡು ಸಲ. ಒಟ್ಟು ಭಾಜಕಗಳು 243.

ಗ್ರೀಕರು ಸಂಖ್ಯೆಗಳನ್ನು ವಿಂಗಡಿಸಿದ್ದ ಕ್ರಮವೊಂದಿದೆ. ಸಂಖ್ಯೆಯನ್ನು ಬಿಟ್ಟು ಅದರ ಉಳಿದ ಭಾಜಕಗಳನ್ನು ಕೂಡಬೇಕು. 6ಕ್ಕೆ 1+2+3, ಸರಿಯಾಗಿ 6, ಅದು ಪರಿಪೂರ್ಣ. 8ಕ್ಕೆ 7, ಕೊರತೆ. 12ಕ್ಕೆ 16, ಹೆಚ್ಚಳ. ಬೆಸ ಸಂಖ್ಯೆಗಳಲ್ಲಿ ಹೆಚ್ಚಳ ಅಪರೂಪ, ಮೊದಲು ಕಾಣುವುದೇ 945ರಲ್ಲಿ. ನಮ್ಮ ಸರದ ಮೊತ್ತ 13029870672. ಹೆಚ್ಚಳವೇ!

ಈಗ ಎರಡೂ 37ಗಳನ್ನು ತೆಗೆದಿಡಿ. ಉಳಿಯುವುದು 3003ರ ವರ್ಗ, 9018009. ಇದರ ಮೊತ್ತ 9017190. ತೊಂಬತ್ತು ಲಕ್ಷದಲ್ಲಿ ಬರೀ 819 ಕಡಿಮೆ! ಇದನ್ನು ಮೊದಲ ಸಲ ಕೂಡಿದ ದಿನ ನನಗೆ ಮೈ ಜುಮ್ಮೆಂದಿತ್ತು. ಏಕೆಂದರೆ 1638ರಲ್ಲಿ ಫ್ರಾನ್ಸಿನ ಗಣಿತಜ್ಞ ದೆಕಾರ್ತ್ ಹಿಡಿದದ್ದು ಇದೇ 9018009 ಅನ್ನು. ಅದನ್ನು 22021ರಿಂದ ಗುಣಿಸಿದರೆ 198585576189. 22021 ಅವಿಭಾಜ್ಯವಾಗಿದ್ದಿದ್ದರೆ ಇದು ಬೆಸ ಪರಿಪೂರ್ಣ ಸಂಖ್ಯೆಯಾಗುತ್ತಿತ್ತು. ಆದರೆ ಅದು 19 × 19 × 61. ಇವತ್ತಿಗೂ ಒಂದೇ ಒಂದು ಬೆಸ ಪರಿಪೂರ್ಣ ಸಂಖ್ಯೆ ಸಿಕ್ಕಿಲ್ಲ. ಇಲ್ಲವೇ ಇಲ್ಲ ಅಂತ ಸಾಧಿಸಿದವರೂ ಇಲ್ಲ.

ಮಹಾವೀರರಿಗೆ ಇದೆಲ್ಲ ಮೊದಲೇ ಗೊತ್ತಿತ್ತು ಅಂತ ದಯವಿಟ್ಟು ಯಾರೂ ಬರೆಯಬೇಡಿ. ಗುಣಾಕಾರ ಕಲಿಯುವ ಮಕ್ಕಳಿಗೆ ಉತ್ತರದಲ್ಲೊಂದು ಸರ ಇಟ್ಟುಕೊಟ್ಟರಲ್ಲ, ಆ ಮೇಷ್ಟ್ರ ಮನಸ್ಸೇ ನನಗೆ ದೊಡ್ಡದು.

ಬೆಳಿಗ್ಗೆ ಮಗಳು ಕೇಳಿದಳು, "ಏಳರವರೆಗೆ ಏರಿಸಿದರೆ?" 1234567654321, ಅದು 1111111ರ ವರ್ಗ. ಸರ ಉದ್ದವಾಯಿತು, ಒಳಗಿರುವುದು ಮಾತ್ರ 239 ಮತ್ತು 4649, ಎರಡೇ ಅವಿಭಾಜ್ಯಗಳು. ಅದನ್ನು ಅವಳಿಗೆ ಹೇಳಿಲ್ಲ. 3ರಿಂದ ಶುರು ಮಾಡಿ ಭಾಗಿಸುತ್ತಾ ಕೂತಿದ್ದಾಳೆ, ಸದ್ಯಕ್ಕೆ 41ಕ್ಕೆ ಬಂದಿದ್ದಾಳೆ.