ಫಾರ್ಮ್ಯಾಟ್ ಹೊಡೆಸಿ ಅನ್ನುವವರು ಒಮ್ಮೆ ಇಲ್ಲಿ ಕೇಳಿ

ಪೆನ್ ಡ್ರೈವ್‌ನಲ್ಲಿದ್ದ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿ ಕೂತಿವೆ, ಲ್ಯಾಪ್‌ಟಾಪ್ ಬೇರೆ ಕುಂಟುತ್ತಿದೆ ಅಂತ ಯಾರ ಹತ್ತಿರವಾದರೂ ಹೇಳಿ ನೋಡಿ. ಯಾವಾಗಿನಿಂದ ಹೀಗಾಗಿದೆ, ಒಳಗೆ ಏನಿತ್ತು, ಒಂದು ಪ್ರಶ್ನೆಯೂ ಬರುವುದಿಲ್ಲ. ನೇರವಾಗಿ ತೀರ್ಪು ಬರುತ್ತದೆ. "ಫಾರ್ಮ್ಯಾಟ್ ಹೊಡೆಸಿಬಿಡಿ."

ಕಸಿನ್ ಹೇಳಿದ್ದೂ ಅದೇ. ಆಫೀಸಿನ ಗೆಳೆಯ ಹೇಳಿದ್ದೂ ಅದೇ. ರಿಪೇರಿಯವರಂತೂ ಲ್ಯಾಪ್‌ಟಾಪ್ ತೆರೆಯುವ ಮೊದಲೇ ಹೇಳಿದರು. "ವೈರಸ್ಸಾ? ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಿಕೊಡ್ತೀವಿ. ಡೇಟಾ ಹೋಗುತ್ತೆ, ಓಕೆ ಅಲ್ವಾ?"

ಓಕೆ ಅಲ್ವಾ ಅಂತೆ! ವರ್ಷಗಟ್ಟಲೆ ಸೇರಿಸಿದ ಫೋಟೋಗಳಿವೆ. ತೀರಿಹೋದವರ ದನಿ ಇರುವ ರೆಕಾರ್ಡಿಂಗ್ ಇದೆ. ಸ್ಕ್ಯಾನ್ ಮಾಡಿಟ್ಟ ಕಾಗದಪತ್ರಗಳಿವೆ. ವಿಂಡೋಸ್ ಹೋದರೆ ಮತ್ತೆ ಹಾಕಬಹುದು. ಲ್ಯಾಪ್‌ಟಾಪ್ ಹೋದರೂ ಇನ್ನೊಂದು ತಗೋಬಹುದು. ಇವುಗಳನ್ನು ಯಾರು ತಂದುಕೊಡುತ್ತಾರೆ? ವೈರಸ್ ಮಾಡದೆ ಬಿಟ್ಟ ಕೆಲಸವನ್ನು ಇವರು ಮಾಡಿ ಮುಗಿಸುತ್ತಾರೆ. ಅದಕ್ಕೆ ದುಡ್ಡೂ ನಾವೇ ಕೊಡಬೇಕು. ಇಲಿಯ ಮೇಲಿನ ಸಿಟ್ಟಿಗೆ ಮನೆಗೆ ಬೆಂಕಿ ಇಡುವುದು ಅಂದರೆ ಇದೇ.

ಆ ಪೆನ್ ಡ್ರೈವ್ ಕಥೆಯನ್ನೇ ತಗೊಳ್ಳಿ. ಪ್ರಿಂಟ್ ತೆಗೆಸಲು ಬೇರೆಯವರ ಕಂಪ್ಯೂಟರ್‌ಗೆ ಹಾಕಿದ್ದು ಅಷ್ಟೇ. ವಾಪಸ್ ತಂದು ನೋಡಿದರೆ ಫೋಲ್ಡರ್‌ಗಳ ಹೆಸರೆಲ್ಲ ಸರಿಯಾಗಿಯೇ ಇವೆ, ಆದರೆ ಪ್ರತಿ ಐಕಾನ್ ಮೂಲೆಯಲ್ಲೂ ಒಂದು ಪುಟ್ಟ ಬಾಣ. ಸೈಜ್ ನೋಡಿದರೆ ಒಂದೆರಡು ಕೆಬಿ. ನೋಡಿದವರೆಲ್ಲ "ಹೋಯ್ತು, ಎಲ್ಲ ತಿಂದುಹಾಕಿದೆ" ಅಂತ ಶೋಕ ಶುರು ಮಾಡಿದರು.

ಏನೂ ತಿಂದಿರಲಿಲ್ಲ ಕಣ್ರೀ. ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿದರೆ ಮೊದಲಿನಷ್ಟೇ ಜಾಗ ತುಂಬಿತ್ತು. ಫೈಲ್‌ಗಳು ಇಲ್ಲದಿದ್ದರೆ ಅಷ್ಟು ಜಾಗ ಹಿಡಿದು ಕೂತಿದ್ದು ಯಾರು? ಈ ಜಾತಿಯ ವೈರಸ್ ಮಾಡುವುದು ಇಷ್ಟೇ. ನಿಮ್ಮ ನಿಜವಾದ ಫೋಲ್ಡರ್‌ಗೆ 'ಹಿಡನ್' ಮತ್ತು 'ಸಿಸ್ಟಮ್' ಅನ್ನುವ ಎರಡು ಗುರುತು ಅಂಟಿಸಿ ಕಣ್ಣಿಗೆ ಬೀಳದ ಹಾಗೆ ಮಾಡುತ್ತದೆ. ಅದೇ ಹೆಸರಿನಲ್ಲಿ ಒಂದು ಶಾರ್ಟ್‌ಕಟ್ ಇಡುತ್ತದೆ. ನೀವು ಅದನ್ನು ಒತ್ತಿದರೆ ಹಿಂದಿನಿಂದ ವೈರಸ್ ಓಡುತ್ತದೆ, ಮುಂದೆ ನಿಮ್ಮ ಫೋಲ್ಡರ್ ಕೂಡ ತೆರೆದುಕೊಳ್ಳುತ್ತದೆ. ಅನುಮಾನ ಬರಬಾರದಲ್ಲ! ಕೆಲವು ವೈರಸ್‌ಗಳು ಹೆಸರೇ ಇಲ್ಲದ ಹಾಗೆ ಕಾಣುವ ಒಂದು ಫೋಲ್ಡರ್ ಮಾಡಿ ಎಲ್ಲವನ್ನೂ ಅದರೊಳಗೆ ತಳ್ಳುತ್ತವೆ. ಅಲ್ಲೂ ಫೈಲ್‌ಗಳಿಗೆ ಏನೂ ಆಗಿರುವುದಿಲ್ಲ.

ಸರಿ, ಹಿಡನ್ ಫೈಲ್ ತೋರಿಸು ಅಂತ ವಿಂಡೋಸ್‌ಗೆ ಹೇಳಿದರೆ ತೋರಿಸುತ್ತದೆಯೇ? ಇಲ್ಲ! ಯಾಕೆಂದರೆ 'ಸಿಸ್ಟಮ್' ಗುರುತು ಇದ್ದರೆ ಅದಕ್ಕೆ ಇನ್ನೊಂದು ಬೇರೆ ಸೆಟ್ಟಿಂಗ್. ಅದನ್ನು ತೆಗೆಯಲು ಹೋದರೆ "ಇದು ಆಪರೇಟಿಂಗ್ ಸಿಸ್ಟಮ್‌ನ ಫೈಲ್, ಮುಟ್ಟಿದರೆ ಕಂಪ್ಯೂಟರ್ ನಿಂತುಹೋಗಬಹುದು" ಅನ್ನುವ ಅರ್ಥದ ಬೆದರಿಕೆ ಬರುತ್ತದೆ. ವೈರಸ್ ಬಂದು ನನ್ನ ಫೋಲ್ಡರ್ ಬಚ್ಚಿಡುವಾಗ ಒಂದು ಮಾತೂ ಆಡಲಿಲ್ಲ. ಯಜಮಾನಿ ನಾನು, ನನ್ನ ಫೋಲ್ಡರ್ ನಾನು ನೋಡಲು ಹೋದರೆ ಎಚ್ಚರಿಕೆ! ಕೊನೆಗೆ ಕಮಾಂಡ್ ಪ್ರಾಂಪ್ಟ್ ತೆರೆದು 'ಆಟ್ರಿಬ್' ಅನ್ನುವ ಒಂದು ಸಾಲಿನ ಆದೇಶದಿಂದ ಎರಡೂ ಗುರುತು ಕಳಚಿದ ಮೇಲೆ ಎಲ್ಲವೂ ಇದ್ದಲ್ಲೇ ಕಂಡವು. ಒಂದು ಫೋಟೋ ಕೂಡ ಹೋಗಿರಲಿಲ್ಲ. ಲ್ಯಾಪ್‌ಟಾಪನ್ನು ಪೂರ್ತಿ ಸ್ಕ್ಯಾನ್ ಮಾಡಿ, ಶಾರ್ಟ್‌ಕಟ್‌ಗಳನ್ನೂ ಅವುಗಳ ಹಿಂದಿದ್ದು ವೈರಸ್ ಓಡಿಸುತ್ತಿದ್ದ ಸ್ಕ್ರಿಪ್ಟ್ ಫೈಲನ್ನೂ ಅಳಿಸಿದೆ, ಮುಗಿಯಿತು. ಇದಕ್ಕೆ ಫಾರ್ಮ್ಯಾಟ್ ಅಂತೆ ಫಾರ್ಮ್ಯಾಟ್.

ಈ ಅವಸರದ ರೋಗ ಇವತ್ತಿನದೂ ಅಲ್ಲ. 1989ರಲ್ಲಿ ಫ್ಲಾಪಿಯಲ್ಲಿ ಅಂಚೆ ಮೂಲಕ ಒಂದು ಟ್ರೋಜನ್ ಬಂತು, ಅಂದರೆ ಒಳ್ಳೆಯದರ ವೇಷ ಹಾಕಿದ ಕೆಟ್ಟ ಪ್ರೋಗ್ರಾಂ. ಏಡ್ಸ್ ರೋಗದ ಮಾಹಿತಿ ಅಂತ ಹೆಸರು. ಸುಮಾರು ತೊಂಬತ್ತು ಸಲ ಕಂಪ್ಯೂಟರ್ ಆನ್ ಮಾಡಿದ ಮೇಲೆ ಅದು ಎಲ್ಲವನ್ನೂ ಬೀಗ ಹಾಕಿದ ಹಾಗೆ ಮಾಡಿ, ಪನಾಮಾದ ಒಂದು ಅಂಚೆ ಪೆಟ್ಟಿಗೆಗೆ 189 ಡಾಲರ್ ಕಳಿಸಿ ಅನ್ನುತ್ತಿತ್ತು. ಆದರೆ ಅದು ಕಲಸಿಹಾಕಿದ್ದು ಫೈಲ್‌ಗಳ ಹೆಸರನ್ನು ಮಾತ್ರ. ಒಳಗಿನ ವಿಷಯ ಹಾಗೇ ಇತ್ತು. ಅದನ್ನು ಬಿಡಿಸುವ ಪ್ರೋಗ್ರಾಂ ಕೂಡ ಬೇಗನೆ ಬಂತು. ಅವತ್ತು ಡಿಸ್ಕ್ ಅಳಿಸದೆ ಸ್ವಲ್ಪ ಕಾದವರ ಕೆಲಸ ಉಳಿಯಿತು.

ಇನ್ನು ಪರದೆಯ ಮೂಲೆಯಲ್ಲಿ ಕುಣಿಯುವ ಆ ಕೆಂಪು ಚೀಟಿಗಳ ವಿಷಯ. "ನಿಮ್ಮ ಕಂಪ್ಯೂಟರ್‌ನಲ್ಲಿ ಐದು ವೈರಸ್ ಸಿಕ್ಕಿವೆ, ಕೂಡಲೇ ತೆಗೆಯಿರಿ." ಯಾವುದೋ ವೆಬ್‌ಸೈಟ್ "ಮುಂದೆ ಹೋಗಲು ಅಲೋ ಒತ್ತಿ" ಅಂತ ಹೇಳಿ ನೋಟಿಫಿಕೇಶನ್ ಕಳಿಸುವ ಅನುಮತಿ ಕಸಿದುಕೊಂಡಿರುತ್ತದೆ, ಅಷ್ಟೇ. ಅಲ್ಲಿಂದ ದಿನಾ ಹೆದರಿಸುತ್ತದೆ. ಅದರಲ್ಲಿರುವುದು ಜಾಹೀರಾತು, ವೈರಸ್ ಅಲ್ಲ. ಬ್ರೌಸರ್ ಸೆಟ್ಟಿಂಗ್ಸ್‌ನ ನೋಟಿಫಿಕೇಶನ್ ಪಟ್ಟಿಗೆ ಹೋಗಿ ಆ ಹೆಸರು ತೆಗೆದರೆ ಬಾಯಿ ಮುಚ್ಚುತ್ತದೆ. ಇನ್ನು ಕೆಲವು ಪುಟಗಳು ಇಡೀ ಪರದೆ ಆವರಿಸಿ, ಸೈರನ್ ಊದಿ, ಈ ನಂಬರ್‌ಗೆ ಫೋನ್ ಮಾಡಿ ಅನ್ನುತ್ತವೆ. ಒಂದು ವೆಬ್ ಪುಟ ನಿಮ್ಮ ಡಿಸ್ಕ್ ಒಳಗೆ ಹೊಕ್ಕು ವೈರಸ್ ಎಣಿಸಲು ಸಾಧ್ಯವೇ ಇಲ್ಲ. ಎಸ್ಕೇಪ್ ಕೀ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ, ಆಗದಿದ್ದರೆ ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರ್ ಮುಚ್ಚಿ. ಫೋನ್ ಮಾಡಿದರೆ ಮಾತ್ರ ನಿಜವಾದ ಕಳ್ಳ ಒಳಗೆ ಬರುತ್ತಾನೆ, ರಿಮೋಟ್ ಸಾಫ್ಟ್‌ವೇರ್ ಹಾಕಿಸಿಕೊಂಡು, ನಿಮ್ಮ ಕೈಯಿಂದಲೇ ಬಾಗಿಲು ತೆಗೆಸಿಕೊಂಡು. ನನಗೆ ಸಿಟ್ಟು ಬರುವುದು ಇನ್ನೊಂದಕ್ಕೆ. ದುಡ್ಡಿಗೆ ಮಾರುವ ಕೆಲವು ಆಂಟಿವೈರಸ್‌ಗಳ ಟ್ರಯಲ್ ಮುಗಿದಾಗ ಬರುವ ಪಾಪ್‌ಅಪ್ ಕೂಡ ಥೇಟ್ ಹೀಗೇ ಇರುತ್ತದೆ. ಅದೇ ಕೆಂಪು, ಅದೇ ಆಶ್ಚರ್ಯ ಚಿಹ್ನೆ, ಅದೇ "ನೀವು ಅಪಾಯದಲ್ಲಿದ್ದೀರಿ". ಕಳ್ಳನೂ ಕಾವಲುಗಾರನೂ ಒಂದೇ ಯೂನಿಫಾರ್ಮ್ ಹಾಕಿದರೆ ಜನ ಯಾರನ್ನು ನಂಬಬೇಕು ಹೇಳಿ.

ಫೈಲ್ ಹೆಸರಿನ ಕೊನೆಯ ಭಾಗವನ್ನು ವಿಂಡೋಸ್ ಇವತ್ತಿಗೂ ಮಾಮೂಲಾಗಿ ಮುಚ್ಚಿಡುತ್ತದೆ. 'ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್ಇ' ಅನ್ನುವ ಫೈಲ್ ನಿಮಗೆ 'ಬಿಲ್ ಡಾಟ್ ಪಿಡಿಎಫ್' ಅಂತಲೇ ಕಾಣುತ್ತದೆ. ಇಎಕ್ಸ್ಇ ಅಂದರೆ ಒತ್ತಿದ ಕೂಡಲೇ ಓಡುವ ಪ್ರೋಗ್ರಾಂ. ಐಕಾನ್ ಕೂಡ ಪಿಡಿಎಫ್‌ನದೇ ಇಟ್ಟಿರುತ್ತಾರೆ. 2000ದ ಮೇ ತಿಂಗಳಲ್ಲಿ ಫಿಲಿಪೀನ್ಸ್‌ನಿಂದ ಹೊರಟ 'ಐ ಲವ್ ಯು' ವೈರಸ್ ಲೋಕವೆಲ್ಲ ಸುತ್ತಿದ್ದು ಈ ತಂತ್ರದಿಂದಲೇ. ಪ್ರೇಮಪತ್ರದ ಟೆಕ್ಸ್ಟ್ ಫೈಲ್ ಥರ ಕಾಣುತ್ತಿತ್ತು, ಹಿಂದೆ ವಿಬಿಎಸ್ ಅಂತ, ಅಂದರೆ ಓಡುವ ಸ್ಕ್ರಿಪ್ಟ್ ಅಂತ, ಇದ್ದದ್ದು ಕಾಣುತ್ತಿರಲಿಲ್ಲ. ಆ ವೈರಸ್ ಜನರ ಜೇಪೆಗ್ ಫೋಟೋಗಳ ಮೇಲೆ ತನ್ನನ್ನೇ ಬರೆದುಕೊಂಡು ಅವನ್ನು ಹಾಳು ಮಾಡಿತು. ಅಷ್ಟೆಲ್ಲ ಆದ ಮೇಲೂ ಆ ಸೆಟ್ಟಿಂಗ್ ಹಾಗೇ ಇದೆ. ಹೊಸ ಕಂಪ್ಯೂಟರ್ ಬಂದ ದಿನವೇ ಫೈಲ್ ಎಕ್ಸ್‌ಪ್ಲೋರರ್‌ನ 'ವ್ಯೂ' ಒಳಗೆ ಹೋಗಿ 'ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್' ಅನ್ನುವುದಕ್ಕೆ ಟಿಕ್ ಹಾಕಿ. ಇದನ್ನು ನಾನು ಯಾಕೆ ಹೇಳಬೇಕು? ತಯಾರಿಸಿದವರು ಹಾಕಿಯೇ ಕೊಡಬೇಕಿತ್ತು ಅಲ್ವಾ?

ಹಾಗೇ 'ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್' ಅಂತ ಒಂದಿದೆ. ಗೊತ್ತಿಲ್ಲದ ಪ್ರೋಗ್ರಾಂ ನಿಮ್ಮ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳ ಒಳಗೆ ಕೈಹಾಕದ ಹಾಗೆ ತಡೆಯುತ್ತದೆ. 2017ರಿಂದ ವಿಂಡೋಸ್ ಒಳಗೇ ಇದೆ. ಆದರೆ ಆಫ್ ಆಗಿದೆ! ಎಷ್ಟು ಜನಕ್ಕೆ ಗೊತ್ತು? 'ಫಾರ್ಮ್ಯಾಟ್' ಮಂತ್ರ ಹೇಳುವ ಒಬ್ಬರೂ ನನಗೆ ಇದನ್ನು ಹೇಳಲಿಲ್ಲ. ಆನ್ ಮಾಡಿದರೆ ಒಳ್ಳೆಯ ಪ್ರೋಗ್ರಾಂಗಳನ್ನೂ ಒಮ್ಮೊಮ್ಮೆ ತಡೆದು ತಲೆ ತಿನ್ನುತ್ತದೆ, ನಿಜ. ಅವಕ್ಕೆ ಒಂದೊಂದಾಗಿ ಅನುಮತಿ ಕೊಟ್ಟರೆ ಆಯಿತು.

"ನನಗೇನು ಭಯ, ಎಲ್ಲ ಕ್ಲೌಡ್‌ನಲ್ಲಿದೆ" ಅನ್ನುವ ಜಾಣರೂ ಇದ್ದಾರೆ. ಸ್ವಾಮಿ, ಸಿಂಕ್ ಅಂದರೆ ಬ್ಯಾಕಪ್ ಅಲ್ಲ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಇಲ್ಲಿ ರ‍್ಯಾನ್ಸಮ್‌ವೇರ್ (ಫೈಲ್‌ಗಳನ್ನು ಓದಲಾಗದ ಹಾಗೆ ಮಾಡಿ, ಬಿಡಿಸಲು ದುಡ್ಡು ಕೇಳುವ ವೈರಸ್) ಬೀಗ ಹಾಕಿದರೆ ಆ ಬೀಗದ ಫೈಲೇ ಅಲ್ಲಿಗೂ ಹೋಗುತ್ತದೆ. ಹಳೆಯ ವರ್ಶನ್ ವಾಪಸ್ ತರುವ ಸೌಲಭ್ಯ ಇದ್ದರೆ ಬಚಾವ್. ಅದಕ್ಕೂ ದಿನಗಳ ಮಿತಿ ಇರುತ್ತದೆ. ಬ್ಯಾಕಪ್ ಹಾರ್ಡ್‌ಡಿಸ್ಕನ್ನು ಹಗಲು ರಾತ್ರಿ ಲ್ಯಾಪ್‌ಟಾಪ್‌ಗೆ ಚುಚ್ಚಿಯೇ ಇಡುವವರದೂ ಇದೇ ಕಥೆ. ಅದು ಇನ್ನೊಂದು ಡ್ರೈವ್ ತಾನೇ? ಅದಕ್ಕೂ ಬೀಗ ಬೀಳುತ್ತದೆ. ವಿಂಡೋಸ್ ತಾನೇ ಎತ್ತಿಟ್ಟ ಫೈಲ್‌ಗಳ ಹಳೆಯ ಪ್ರತಿಗಳನ್ನು, ಅಂದರೆ ಶ್ಯಾಡೋ ಕಾಪಿಗಳನ್ನು, ಬಹಳಷ್ಟು ರ‍್ಯಾನ್ಸಮ್‌ವೇರ್‌ಗಳು ಹುಡುಕಿ ಅಳಿಸುತ್ತವೆ. 2017ರ ಮೇ ತಿಂಗಳಲ್ಲಿ 'ವಾನ್ನಾಕ್ರೈ' ಬಂದಾಗ ಬ್ರಿಟನ್‌ನ ಆಸ್ಪತ್ರೆಗಳ ಕಂಪ್ಯೂಟರ್‌ಗಳೇ ಬೀಗ ಬಿದ್ದು ಕೂತವು. ಅದು ನುಗ್ಗಿದ ತೂತನ್ನು ಮುಚ್ಚುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು. "ಅಪ್‌ಡೇಟ್ ಹಾಕಬೇಡಿ, ಸಿಸ್ಟಮ್ ಸ್ಲೋ ಆಗುತ್ತೆ" ಅಂತ ಹೇಳುವವರೂ, ಆಮೇಲೆ ಫಾರ್ಮ್ಯಾಟ್ ಮಾಡಿಸಿ ಅನ್ನುವವರೂ ಬಹುತೇಕ ಅದೇ ಜನ. ಗಮನಿಸಿದ್ದೀರಾ?

ರಿಪೇರಿಗೆ ಕೊಡುವಾಗ ಆಗುವುದು ಇನ್ನೊಂದು ನಾಟಕ. "ಪಾಸ್‌ವರ್ಡ್ ಹೇಳಿ." ಯಾಕೆ ಅಂತ ಕೇಳಿದರೆ ನಾನೇ ಏನೋ ಮುಚ್ಚಿಡುತ್ತಿರುವ ಹಾಗೆ ನೋಡುತ್ತಾರೆ. ಹೇಳಿದರೆ ಅದನ್ನು ಒಂದು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪ್ ಮೇಲೆಯೇ ಅಂಟಿಸುತ್ತಾರೆ. ಬಂದು ಹೋಗುವವರೆಲ್ಲ ಓದಬಹುದು. ಪಕ್ಕದಲ್ಲಿ ಇನ್ಯಾರದೋ ಲ್ಯಾಪ್‌ಟಾಪ್, ಅದರ ಮೇಲೂ ಚೀಟಿ, ಅದರಲ್ಲೂ ಪಾಸ್‌ವರ್ಡ್! ವೈರಸ್‌ನಿಂದ ಫೈಲ್ ಕಾಪಾಡಿ ಅಂತ ತಂದದ್ದು, ಬೀದಿಗೆ ಹರಡಿ ಅಂತಲ್ಲ. ನಾನು ಚೀಟಿ ಕಿತ್ತು ಲ್ಯಾಪ್‌ಟಾಪ್ ವಾಪಸ್ ತಂದೆ. ಅನುಮಾನದ ಫೈಲ್ ಇದ್ದರೆ ಆನ್‌ಲೈನ್ ಸ್ಕ್ಯಾನರ್‌ಗೆ ಹಾಕಿ ನೋಡಿ ಅಂತ ಸಲಹೆ ಕೊಟ್ಟವರೂ ಉಂಟು. ಪ್ರೋಗ್ರಾಂ ಫೈಲ್ ಆದರೆ ಸರಿ. ವೈರಸ್‌ಟೋಟಲ್‌ನಂಥ ಜಾಗಕ್ಕೆ ಹಾಕಿದ ಫೈಲನ್ನು ಸುರಕ್ಷತಾ ಕಂಪನಿಗಳ ಜೊತೆ ಹಂಚಿಕೊಳ್ಳುತ್ತಾರೆ. ಸ್ವಂತ ಕಾಗದಪತ್ರಗಳನ್ನು ಅಲ್ಲಿ ಹಾಕಬಾರದು ಅನ್ನುವ ಮಾತನ್ನು ಮಾತ್ರ ಯಾರೂ ಸೇರಿಸುವುದಿಲ್ಲ.

ಹಾಗಾದರೆ ಏನು ಮಾಡಬೇಕಿತ್ತು ಅಂತ ಕೇಳುತ್ತೀರಾ? ಅನುಮಾನ ಬಂದ ಕೂಡಲೇ ಇಂಟರ್ನೆಟ್ ಕಿತ್ತುಹಾಕಿ. ಬ್ಯಾಕಪ್ ಡಿಸ್ಕನ್ನು ಆ ಕಂಪ್ಯೂಟರ್ ಹತ್ತಿರವೂ ತರಬೇಡಿ. ವಿಂಡೋಸ್ ಸೆಕ್ಯುರಿಟಿಯಲ್ಲೇ ಆಫ್‌ಲೈನ್ ಸ್ಕ್ಯಾನ್ ಇದೆ, ಅದು ವಿಂಡೋಸ್ ಶುರುವಾಗುವ ಮೊದಲೇ ಹುಡುಕುತ್ತದೆ, ಹಾಗಾಗಿ ವೈರಸ್‌ಗೆ ಬಚ್ಚಿಟ್ಟುಕೊಳ್ಳುವುದು ಕಷ್ಟ. ಅದೂ ಆಗದಿದ್ದರೆ ಬೇರೆ ಒಳ್ಳೆಯ ಕಂಪ್ಯೂಟರ್‌ನಲ್ಲಿ ಲಿನಕ್ಸ್ ಅನ್ನುವ ಬೇರೆ ಆಪರೇಟಿಂಗ್ ಸಿಸ್ಟಮ್ ನೇರವಾಗಿ ಓಡುವ ಲೈವ್ ಪೆನ್ ಡ್ರೈವ್ ಮಾಡಿಕೊಂಡು, ಅದರಿಂದ ನಿಮ್ಮ ಕಂಪ್ಯೂಟರ್ ಶುರು ಮಾಡಿ ಫೋಟೋ, ಡಾಕ್ಯುಮೆಂಟ್ ಎಲ್ಲ ಒಂದು ಖಾಲಿ ಡಿಸ್ಕ್‌ಗೆ ಇಳಿಸಿಕೊಳ್ಳಿ. ಇಎಕ್ಸ್ಇ ಬೇಡ, ಸ್ಕ್ರಿಪ್ಟ್ ಬೇಡ. ವಿಂಡೋಸ್ ಓಡುತ್ತಲೇ ಇರುವುದಿಲ್ಲವಾದ್ದರಿಂದ ಅದರೊಳಗಿನ ವೈರಸ್ಸೂ ಓಡುವುದಿಲ್ಲ. ಪಾಸ್‌ವರ್ಡ್‌ಗಳನ್ನು ಬೇರೆ ಸಾಧನದಿಂದ ಬದಲಿಸಿ, ಎಲ್ಲ ಕಡೆಯಿಂದಲೂ ಲಾಗ್‌ಔಟ್ ಮಾಡಿ. ಬೀಗ ಹಾಕಿದ ಫೈಲ್‌ಗಳಿದ್ದರೆ ಅವನ್ನೂ ಎತ್ತಿಡಿ. ಡಚ್ ಪೊಲೀಸರು, ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ ಮತ್ತು ಸುರಕ್ಷತಾ ಕಂಪನಿಗಳು ಸೇರಿ 2016ರಲ್ಲಿ ಶುರು ಮಾಡಿದ 'ನೋ ಮೋರ್ ರ‍್ಯಾನ್ಸಮ್' ಅನ್ನುವ ವೆಬ್‌ಸೈಟ್‌ನಲ್ಲಿ ಕೆಲವು ಜಾತಿಯ ಬೀಗಗಳಿಗೆ ಕೀಲಿ ಉಚಿತವಾಗಿ ಸಿಗುತ್ತದೆ. ಇವತ್ತು ಸಿಗದ ಕೀಲಿ ನಾಳೆ ಸಿಗಬಹುದು. ಇಷ್ಟೆಲ್ಲ ಆದ ಮೇಲೆ ಬೇಕಿದ್ದರೆ ಫಾರ್ಮ್ಯಾಟ್ ಮಾಡಿ, ಯಾರು ಬೇಡ ಅಂದರು? ಕೆಲವು ವೈರಸ್‌ಗೆ ಅದೇ ಸರಿಯಾದ ಮದ್ದು. ನನ್ನ ಜಗಳ ಇರುವುದು ಅದನ್ನು ಮೊದಲ ಕೆಲಸ ಮಾಡುವವರ ಜೊತೆ.

ಮೊನ್ನೆ ಪರಿಚಯದವರೊಬ್ಬರು ಫೋನ್ ಮಾಡಿದ್ದರು. ಲ್ಯಾಪ್‌ಟಾಪ್ ಫಾರ್ಮ್ಯಾಟ್ ಆಗಿ ಬಂದಿದೆ, ಮಕ್ಕಳ ಫೋಟೋ ಒಂದೂ ಇಲ್ಲ, ವಾಪಸ್ ಬರುತ್ತಾ ಅಂತ ಕೇಳಿದರು. ಹಳೆಯ ಹಾರ್ಡ್‌ಡಿಸ್ಕ್ ಆಗಿದ್ದರೆ ರಿಕವರಿ ಸಾಫ್ಟ್‌ವೇರ್ ಹಾಕಿ ನೋಡೋಣ ಅನ್ನಬಹುದಿತ್ತು. ಅವರದು ಎಸ್‌ಎಸ್‌ಡಿ, ತಿರುಗುವ ತಟ್ಟೆ ಇಲ್ಲದೆ ಚಿಪ್‌ನಲ್ಲೇ ಬರೆದಿಡುವ ಡಿಸ್ಕ್. ಅದರಲ್ಲಿ ಟ್ರಿಮ್ ಅಂತ ಒಂದು ಏರ್ಪಾಡು ಇದೆ. ಫಾರ್ಮ್ಯಾಟ್ ಮಾಡಿದಾಗ ಈ ಜಾಗ ಇನ್ನು ಬೇಡ ಅಂತ ಡಿಸ್ಕ್‌ಗೆ ಹೇಳಿಬಿಡುತ್ತದೆ, ಡಿಸ್ಕ್ ನಿಜವಾಗಿಯೂ ಗುಡಿಸಿ ಹಾಕುತ್ತದೆ. ಹೇಗೆ ಹೇಳಲಿ ಅವರಿಗೆ? ಹೇಳಿದೆ.

ರಿಪೇರಿಯವರು ಬ್ಯಾಕಪ್ ತೆಗೆದಿದ್ದೇವೆ ಅಂದಿದ್ದರಂತೆ. ತೆಗೆದಿದ್ದು ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಮಾತ್ರ. ಫೋಟೋಗಳು ಡಿ ಡ್ರೈವ್‌ನಲ್ಲಿದ್ದವು. "ನೀವು ಹೇಳಲಿಲ್ಲವಲ್ಲ" ಅಂದರಂತೆ. ಜೊತೆಗೆ ಪುಕ್ಕಟೆಯಾಗಿ ಒಂದು ಆಂಟಿವೈರಸ್ ಟ್ರಯಲ್ ಹಾಕಿಕೊಟ್ಟಿದ್ದಾರೆ. ಅದು ದಿನಾ ಮೂಲೆಯಲ್ಲಿ ಎದ್ದು ಕೇಳುತ್ತಿದೆ, ನಿಮ್ಮ ಅಮೂಲ್ಯ ಫೋಟೋಗಳು ಸುರಕ್ಷಿತವಾಗಿವೆಯೇ ಅಂತ.