ಮೊದಲು ವಾಪಸು ಬರುವ ದಾರಿ ತೋರಿಸಿ

ಹೊಸ ಟೂಲ್ ಕಲಿಯದ ಪ್ರೋಗ್ರಾಮರುಗಳನ್ನು ಸೋಮಾರಿಗಳೆಂದು ಬೈಯುವುದು ನಮ್ಮ ವೃತ್ತಿಯಲ್ಲಿ ಒಂದು ಚಟವೇ ಆಗಿಬಿಟ್ಟಿದೆ. ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಉಪ್ಪಳ, ಮಂಜೇಶ್ವರಗಳಲ್ಲಿ ಬೆಳಿಗ್ಗೆ ರೈಲು ಹತ್ತಿ ಮಂಗಳೂರಿಗೆ ಕೆಲಸಕ್ಕೆ ಹೋಗುವ ಹುಡುಗ ಹುಡುಗಿಯರನ್ನು ಹತ್ತಿರದಿಂದ ಬಲ್ಲೆ. ಅವರಲ್ಲಿ ಸೋಮಾರಿಗಳು ಕಡಿಮೆ, ಹೆದರಿದವರು ಹೆಚ್ಚು. ಹೆದರಿಕೆಗೆ ಕಾರಣವೂ ಇದೆ.

ಕೋಡಿನ ಹಳೆಯ, ಹೊಸ ರೂಪಗಳನ್ನೆಲ್ಲ ಜೋಪಾನವಾಗಿಡುವ ಗಿಟ್ ಎಂಬ ಟೂಲನ್ನೇ ನೋಡಿ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಅದನ್ನು ಬರೆದದ್ದು ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಕೆಲಸಕ್ಕೆ. ಬದಿಯಡ್ಕದಲ್ಲಿ ಕುಳಿತು ಅಡಿಕೆ ವ್ಯಾಪಾರಿಗೆ ಬಿಲ್ಲಿಂಗ್ ತಂತ್ರಾಂಶ ಬರೆಯುವವನು ಆಗ ಯಾರ ಲೆಕ್ಕದಲ್ಲೂ ಇರಲಿಲ್ಲ. ಚೆಕ್‌ಔಟ್ ಎಂಬ ಒಂದೇ ಕಮಾಂಡ್ ಬ್ರಾಂಚನ್ನೂ, ಅಂದರೆ ನೀವು ಕೆಲಸ ಮಾಡುತ್ತಿರುವ ಕೋಡಿನ ಕವಲನ್ನೂ, ಬದಲಿಸುತ್ತದೆ, ಫೈಲಿನಲ್ಲಿ ನೀವು ಈಗಷ್ಟೇ ಬರೆದದ್ದನ್ನು ಅಳಿಸಿ ಹಳೆಯದನ್ನೂ ತಂದು ಕೂರಿಸುತ್ತದೆ. ಈ ಎರಡು ಕೆಲಸಗಳಿಗೆ ಸ್ವಿಚ್, ರಿಸ್ಟೋರ್ ಎಂಬ ಬೇರೆ ಬೇರೆ ಕಮಾಂಡ್‌ಗಳು ಬಂದದ್ದು 2019ರಲ್ಲಿ, 2.23ನೇ ಆವೃತ್ತಿಯಲ್ಲಿ. ಹದಿನಾಲ್ಕು ವರ್ಷ ಜನ ಎಡವಿದ್ದು ಅವರ ದಡ್ಡತನದಿಂದಲೇ? ನಾನು ಕಂಡ ತರಬೇತಿಗಳಲ್ಲಂತೂ ಇವತ್ತಿಗೂ ಪಾಠ ಚೆಕ್‌ಔಟ್‌ನಿಂದಲೇ ಶುರು.

ಆ ತರಬೇತಿಗಳ ಚಂದವೂ ಗೊತ್ತಿದೆಯಲ್ಲ: ತಂಪು ಕೋಣೆ, ಮುಗಿಯದ ಸ್ಲೈಡುಗಳು, ಮಧ್ಯಾಹ್ನ ಬಿರಿಯಾನಿ, ಸಂಜೆ ಪ್ರಮಾಣಪತ್ರ. ಮರುದಿನ ಎಲ್ಲರೂ ಯಥಾಪ್ರಕಾರ ಪೆನ್‌ಡ್ರೈವ್‌ಗೆ ಕಾಪಿ ಮಾಡುತ್ತಿರುತ್ತಾರೆ.

ಬದಿಯಡ್ಕದ ಆ ಹುಡುಗನ ಲ್ಯಾಪ್‌ಟಾಪ್‌ನಲ್ಲಿ ‘ಬಿಲ್ಲಿಂಗ್ ಫೈನಲ್’, ‘ಬಿಲ್ಲಿಂಗ್ ಫೈನಲ್ 2’, ‘ಬಿಲ್ಲಿಂಗ್ ಇದೇ ಫೈನಲ್’ ಎಂಬ ಫೋಲ್ಡರುಗಳಿದ್ದವು. ನಗಬೇಡಿ. ಹಳೆಯದು ಕೈತಪ್ಪಬಾರದು ಎಂಬ ಎಚ್ಚರ ಅವನಿಗೆ ಗಿಟ್‌ಗಿಂತ ಮೊದಲೇ ಇತ್ತು. ಸ್ಲೈಡುಗಳ ಗೊಡವೆಗೆ ಹೋಗದೆ ಅವನದೇ ಫೋಲ್ಡರಿನಲ್ಲಿ ಗಿಟ್ ಶುರು ಮಾಡಿಸಿದೆ. ಎರಡು ಕಮಿಟ್, ಅಂದರೆ ಆ ಹೊತ್ತಿನ ಕೋಡನ್ನು ಗಿಟ್‌ನಲ್ಲಿ ದಾಖಲಿಸುವುದು, ಆದ ಮೇಲೆ ಕೋಡನ್ನು ಹಿಂದಿನ ಕಮಿಟ್‌ಗೆ ಮರಳಿಸುವ ‘ರಿಸೆಟ್ ಹಾರ್ಡ್’ ಕೊಟ್ಟು ಎರಡನೆಯದನ್ನು ಬೇಕೆಂದೇ ಕೆಡಿಸಲು ಹೇಳಿದೆ. ಜಿಎಸ್‌ಟಿ ಲೆಕ್ಕದ ಭಾಗ ಪರದೆಯಿಂದ ಮಾಯವಾಯಿತು, ಅವನ ಮುಖ ಬಿಳುಚಿಕೊಂಡಿತು. ಆಮೇಲೆ ಗಿಟ್ ಇಟ್ಟ ಹೆಜ್ಜೆಗಳ ಪಟ್ಟಿಯಾದ ರಿಫ್ಲಾಗ್ ತೆರೆಸಿದೆ. ಕಳೆದುಹೋದ ಕಮಿಟ್‌ನ ಗುರುತು ಅಲ್ಲೇ ಒಂದು ಸಾಲಿನಲ್ಲಿ ಕುಳಿತಿತ್ತು. ಅದನ್ನು ಕೊಟ್ಟು ಇನ್ನೊಮ್ಮೆ ರಿಸೆಟ್ ಮಾಡಿದಾಗ ಎಲ್ಲವೂ ವಾಪಸು. ಸೆಟ್ಟಿಂಗ್ ಬದಲಿಸದಿದ್ದರೆ ಗಿಟ್ ಇಂಥ ಗುರುತುಗಳನ್ನು 30 ದಿನ ಇಟ್ಟುಕೊಳ್ಳುತ್ತದೆ. ಕಮಿಟ್ ಮಾಡದೆ ಬಿಟ್ಟದ್ದು ಮಾತ್ರ ಹೋದರೆ ಹೋಯಿತು ಎಂದೂ ಹೇಳಿದೆ. ಅಂದಿನಿಂದ ಅವನಿಗೆ ಕಮಿಟ್ ಮಾಡು ಎಂದು ಯಾರೂ ಹೇಳಬೇಕಾಗಿಲ್ಲ.

ನನ್ನ ವಾದ ಇಷ್ಟೇ. ಟೂಲ್ ಏನೇನು ಮಾಡಬಲ್ಲದು ಎಂಬ ಪುರಾಣ ಆಮೇಲಿರಲಿ. ಕೆಟ್ಟರೆ ಸರಿಪಡಿಸುವುದು ಹೇಗೆ ಎಂಬುದನ್ನು ಮೊದಲು ಕಲಿಸಿ, ಅದೂ ಕಲಿಯುವವರ ಸ್ವಂತ ಕೋಡಿನ ಮೇಲೆ.

ಕೇರಳದ ಸರಕಾರಿ ಶಾಲೆಗಳಲ್ಲಿ ಸ್ವತಂತ್ರ ತಂತ್ರಾಂಶವೇ ನಡೆಯುವುದರಿಂದ ಇಲ್ಲಿನ ಕನ್ನಡ ಮಾಧ್ಯಮದ ಮಕ್ಕಳು ಹೈಸ್ಕೂಲಿನಲ್ಲೇ ಲಿನಕ್ಸ್ ಮುಟ್ಟಿರುತ್ತಾರೆ. ಅಂಥವರು ಕಚೇರಿಯಲ್ಲಿ ಕಮಾಂಡ್ ಟೈಪ್ ಮಾಡುವ ಟರ್ಮಿನಲ್ ಕಂಡು ಬೆದರುವುದಿಲ್ಲ. ಬೆದರುವುದು ಸರಸರನೆ ಇಂಗ್ಲಿಷಿನಲ್ಲಿ ಸಾಗುವ ವಿವರಣೆಗೆ, ನಡುವೆ ಪ್ರಶ್ನೆ ಕೇಳಿದರೆ ಮರ್ಯಾದೆ ಹೋದೀತು ಎಂಬುದಕ್ಕೆ. ಕನ್ನಡ, ತುಳು, ಮಲಯಾಳ, ಯಾವುದರಲ್ಲಾದರೂ ಹೇಳಿ. ಪಕ್ಕದಲ್ಲಿ ಕುಳಿತು ಹೇಳಿ, ಕೀಬೋರ್ಡನ್ನು ಮಾತ್ರ ಕಸಿದುಕೊಳ್ಳಬೇಡಿ. ತಂಡದ ಮುಖ್ಯಸ್ಥರಿಗೂ ಒಂದು ಮಾತು: ಗಡುವು ಒಂದು ದಿನವೂ ಸಡಿಲಾಗದಿದ್ದರೆ ಯಾರೂ ಹೊಸದನ್ನು ಮುಟ್ಟುವುದಿಲ್ಲ, ಮುಟ್ಟಲೂಬಾರದು.

ಹಾಗೆಂದು ಬಂದದ್ದನ್ನೆಲ್ಲ ಅಪ್ಪಿಕೊಳ್ಳಬೇಕಾಗಿಲ್ಲ. ಈ ವಾರದ ಯಾವ ತಲೆನೋವು ಇದರಿಂದ ಇಳಿಯುತ್ತದೆ ಎಂದು ಕೇಳಿ; ಉತ್ತರವಿಲ್ಲದಿದ್ದರೆ ಬಿಟ್ಟುಬಿಡಿ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ 3.10 ಆವೃತ್ತಿ ಬಂದಾಗ ಉತ್ತರ ಸಲೀಸಾಗಿತ್ತು. ಮುಚ್ಚದ ಆವರಣ ಚಿಹ್ನೆಗೆ ಮೊದಲು ಬೇರೆಲ್ಲೋ ಬೆರಳು ತೋರಿಸುತ್ತಿದ್ದ ದೋಷಸಂದೇಶ, ಈಗ ಆ ಚಿಹ್ನೆಯನ್ನೇ ತೋರಿಸಿ ಮುಚ್ಚಿಲ್ಲ ಎನ್ನುತ್ತದೆ. ಇದನ್ನು ಪಕ್ಕಪಕ್ಕದಲ್ಲಿ ತೋರಿಸಿದರೆ ಭಾಷಣವೇ ಬೇಡ.

ಮುಂದಿನ ಸರದಿ, ಓಡುವ ಕೋಡನ್ನು ನಡುವೆ ನಿಲ್ಲಿಸಿ ತಪ್ಪು ಹುಡುಕಲು ನೆರವಾಗುವ ಡೀಬಗ್ಗರ್‌ನದು. ಸಾಲು ಸಾಲಿಗೆ ಪ್ರಿಂಟ್ ಹಾಕಿ ತಪ್ಪು ಹುಡುಕುವ ನಿಷ್ಠಾವಂತರು ಜಗಳಕ್ಕೆ ಬರುತ್ತಾರೆಂದು ಗೊತ್ತು. ಬನ್ನಿ, ಬರುವಾಗ ನಿಮ್ಮದೇ ಕೆಟ್ಟ ಕೋಡ್ ತನ್ನಿ.